ಉಭಯ ಕುಶಲೋಪರಿ

ನಮ್ಮ ಹಿರಿಯರ ಕಾಗದಗಳು ‘ಉಭಯ ಕುಶಲೋಪರಿ ಸಾಂಪ್ರತ’ ಎಂದೇ ಆರಂಭವಾಗುತ್ತಿದ್ದವು. ಮನೆಯಲ್ಲಿ ಯಾರಾದರೂ ಜ್ವರದಿಂದ ಮಲಗಿದ್ದರೂ ಆ ಒಕ್ಕಣೆ ಬದಲಾಗುತ್ತಿರಲಿಲ್ಲ. ದೂರದಲ್ಲಿರುವವರು ಕಳವಳಪಡಬಾರದೆಂಬ ಸದ್ಭಾವ ಅದರ ಹಿಂದೆ ಇತ್ತು. ಕಾಗದಗಳ ಕಾಲ ಮುಗಿಯಿತು. ಇಂದು ವೃದ್ಧ ತಂದೆತಾಯಿಗಳ ಕ್ಷೇಮಸಮಾಚಾರವನ್ನು ಮಕ್ಕಳಿಗೆ ಮುಟ್ಟಿಸಲು ಯಂತ್ರಗಳು ಬಂದಿವೆ.

ಅವುಗಳಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದದ್ದು ಜಪಾನಿನ ಒಂದು ಬಿಸಿನೀರಿನ ಪಾತ್ರೆ. 1996ರಲ್ಲಿ ಟೋಕಿಯೋ ನಗರದ ಇಕೆಬುಕುರೊ ಭಾಗದಲ್ಲಿ ವೃದ್ಧೆಯೊಬ್ಬಳೂ ಆಕೆಯ ರೋಗಿಷ್ಠ ಮಗನೂ ಮನೆಯೊಳಗೇ ತೀರಿಕೊಂಡರು. ಬಹು ದಿನಗಳವರೆಗೆ ನೆರೆಹೊರೆಗೆ ಸುಳಿವೇ ಇರಲಿಲ್ಲ. ಆ ದುರಂತದಿಂದ ಪ್ರೇರಣೆ ಪಡೆದು ಜೊಜಿರುಶಿ ಎಂಬ ಸಂಸ್ಥೆ 2001ರಲ್ಲಿ ಹೊಸ ಬಗೆಯ ವಿದ್ಯುತ್ ಪಾತ್ರೆಯೊಂದನ್ನು ಹೊರತಂದಿತು. ಜಪಾನಿನ ಹಿರಿಯರಿಗೆ ದಿನವೂ ಚಹ ಬೇಕು. ಚಹಕ್ಕೆ ಬಿಸಿನೀರು ಬೇಕು. ಅವರು ನೀರು ಬಗ್ಗಿಸಿಕೊಂಡ ಸಂಗತಿಯನ್ನು ಪಾತ್ರೆ ನಿಸ್ತಂತುವಾಗಿ ದಾಟಿಸುತ್ತಿತ್ತು. ದೂರದ ಮಗನಿಗೋ ಮಗಳಿಗೋ ಇ-ಮೇಲ್ ತಲುಪುತ್ತಿತ್ತು. ಮುದುಕರು ಹೊಸದಾಗಿ ಏನನ್ನೂ ಕಲಿಯಬೇಕಾಗಿರಲಿಲ್ಲ. ಕೋಣೆಯಲ್ಲಿ ಕ್ಯಾಮರಾ ಇಟ್ಟು ಅವರ ಮಾನಕ್ಕೆ ಕುಂದು ತಂದದ್ದೂ ಇಲ್ಲ. ಎಂದಿನಂತೆ ಚಹ ಕುಡಿದರೆ ಸಾಕಾಗಿತ್ತು.

ಈ ಚಿಂತೆ ಜಪಾನಿಗೆ ಮಾತ್ರ ಮೀಸಲಲ್ಲ. 2011ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ ಅರುವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚಿದ್ದರು. ಎಷ್ಟೋ ಮನೆಗಳಲ್ಲಿ ಹಿರಿಯರು ಊರಿನಲ್ಲಿ, ಮಕ್ಕಳು ಪರಸ್ಥಳದಲ್ಲಿ. 2019ರಲ್ಲಿ ಕೇಂದ್ರ ಸರ್ಕಾರ ‘ಇ-ಸಂಜೀವಿನಿ’ಯನ್ನು ಆರಂಭಿಸಿತು, ಮರುವರ್ಷ ಕೊರೋನಾ ದಿಗ್ಬಂಧನದ ಕಾಲದಲ್ಲಿ ಮನೆಯಲ್ಲಿಯೇ ಕುಳಿತು ವೈದ್ಯರನ್ನು ಪರದೆಯ ಮೇಲೆ ಕಾಣುವ ಅನುಕೂಲವೂ ಒದಗಿತು. ಮಂಡಿ ನೋವಿನವರಿಗೆ ಬಸ್ಸು ಹತ್ತಿಳಿಯುವ ಯಾತನೆ ತಪ್ಪುವುದೇ ದೊಡ್ಡ ಉಪಕಾರ.

ನಾನಿರುವುದು ಮೈಸೂರಿನಲ್ಲಿ; ತಂದೆತಾಯಿ ಮಲೆನಾಡಿನ ಊರಿನಲ್ಲಿ. ತಂದೆಯವರಿಗೆ ರಕ್ತದೊತ್ತಡ. ಕಳೆದ ವರ್ಷ ಅಳೆಯುವ ಯಂತ್ರವೊಂದನ್ನು ತಂದುಕೊಟ್ಟು, ಪ್ರತಿದಿನ ಬೆಳಗ್ಗೆ ಅಂಕಿಯನ್ನು ವಾಟ್ಸಾಪಿನಲ್ಲಿ ಕಳುಹಿಸಬೇಕೆಂದು ಕರಾರು ಮಾಡಿ ಬಂದೆ. ಅವರು ಒಂದು ದಿನವೂ ತಪ್ಪಿಸಲಿಲ್ಲ. 130/80, 128/80, ಮತ್ತೆ 130/80. ತರಗತಿಗೆ ಹೋಗುವ ಮುನ್ನ ಅದನ್ನು ನೋಡಿ, ಕರ್ತವ್ಯ ಮುಗಿಯಿತೆಂದು ಫೋನನ್ನು ಜೇಬಿಗಿಳಿಸುತ್ತಿದ್ದೆ.

ದೀಪಾವಳಿಗೆ ಊರಿಗೆ ಹೋದಾಗ ಯಂತ್ರ ಬೀರುವಿನಲ್ಲಿತ್ತು. ಗುಂಡಿ ಒತ್ತಿದರೆ ಜೀವವಿಲ್ಲ. ಬ್ಯಾಟರಿ ಮುಗಿದು ತಿಂಗಳಾಗಿತ್ತು!

“ಇದೇನಪ್ಪ?” ಎಂದೆ.

“ನೂರೆಪ್ಪತ್ತು ಅಂತ ಬರೆದರೆ ನೀನು ರಜ ಹಾಕಿ ಓಡಿ ಬರ್ತೀಯ ಮಾರಾಯ. ಅದಕ್ಕೇ ಹಳೇ ಲೆಕ್ಕವನ್ನೇ ಬರೀತಿದ್ದೆ” ಎಂದರು. ಅಮ್ಮ ಒಲೆಯ ಕಡೆ ಮುಖ ತಿರುಗಿಸಿಕೊಂಡರು, ಆಕೆಗೂ ಗೊತ್ತಿತ್ತು.

ಅಂದೇ ವೈದ್ಯರಲ್ಲಿಗೆ ಕರೆದೊಯ್ದೆ. ಅವರು ಔಷಧಿಯನ್ನು ಬದಲಾಯಿಸಿದರು. ತಡಮಾಡಿದ್ದರೆ ಲಕ್ವಾಗೆ ದಾರಿಯಾಗುತ್ತಿತ್ತು ಎಂದೂ ಎಚ್ಚರಿಸಿದರು. ಅಳೆಯುವ ಕ್ರಮವನ್ನೂ ಅವರೇ ತಿಳಿಸಿದರು: ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆಸರೆ, ಪಾದಗಳು ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ, ಮಾತು ಕೂಡದು, ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು.

ಹಿಂದಿರುಗುವಾಗ ಬಸ್ಸಿನಲ್ಲಿ ಯೋಚಿಸಿದೆ. ಯಂತ್ರ ಸುಳ್ಳು ಹೇಳಿರಲಿಲ್ಲ. ತಂದೆಯವರು ಹೇಳಿದ್ದೂ ಹಳೆಯ ಕಾಗದದ ಸುಳ್ಳೇ. ತಪ್ಪು ನನ್ನದಾಗಿತ್ತು: ಅಂಕಿಯನ್ನು ಕೇಳಿದ್ದೆ, ಹೇಗಿದ್ದೀರೆಂದು ಕೇಳಿರಲಿಲ್ಲ. ಅವರ ಕುಶಲ ನನಗೆ ಬರುತ್ತಿತ್ತು. ನನ್ನದು ಅವರಿಗೆ ಹೋಗುತ್ತಿರಲಿಲ್ಲ. ‘ಉಭಯ’ ಎಂಬ ಪದವೇ ಬಿಟ್ಟುಹೋಗಿತ್ತು.

ಮೈಸೂರಿಗೆ ಬಂದವನೇ ಅಂತಹುದೇ ಯಂತ್ರವೊಂದನ್ನು ನನಗೂ ಕೊಂಡೆ. ಈಗ ಬೆಳಗ್ಗೆ ನನ್ನ ಅಂಕಿ ಮೊದಲು ಹೋಗುತ್ತದೆ, ಅವರದು ಆಮೇಲೆ ಬರುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ದಿನಗಳಲ್ಲಿ ಒಮ್ಮೆ 142/92 ಎಂದು ಇದ್ದುದನ್ನು ಇದ್ದಂತೆಯೇ ಬರೆದೆ. ಎರಡು ನಿಮಿಷವಾಗಿರಲಿಲ್ಲ, ಫೋನು ಬಂತು.

“ರಾತ್ರಿ ಎಷ್ಟು ಗಂಟೆಗೆ ಮಲಗಿದ್ದೆ? ನಿಜ ಹೇಳು” ಎಂದರು ತಂದೆಯವರು. ಧ್ವನಿಯಲ್ಲಿ ಹಿಂದಿನ ಗತ್ತು ಮರಳಿತ್ತು.

ಅಂದಿನಿಂದ ಅವರೂ ನಿಜವನ್ನೇ ಬರೆಯುತ್ತಿದ್ದಾರೆ.