ಮರಗಪ್ಪೆಗಳ ಕುಲವಿಚಾರ

ಸಂಸ್ಕೃತ ಕೋಶಗಳಲ್ಲಿ ಕಪ್ಪೆಗೆ ಮಂಡೂಕ, ಭೇಕ, ದರ್ದುರ, ಪ್ಲವ ಮೊದಲಾದ ಹೆಸರುಗಳು ಹೇರಳವಾಗಿದ್ದರೂ ಅವೆಲ್ಲವೂ ಪರ್ಯಾಯಪದಗಳೇ. ಜೀವಶಾಸ್ತ್ರಜ್ಞರಿಗಾದರೋ ಒಂದೊಂದು ಬಗೆಗೂ ಬೇರೆಬೇರೆ ಹೆಸರು ಬೇಕು. ಒಂದೇ ಮೂಲದಿಂದ ಹುಟ್ಟಿದ ಸಮೀಪದ ಪ್ರಭೇದಗಳನ್ನು ಅವರು ಒಂದು ‘ಕುಲ’ವಾಗಿ ಸೇರಿಸುವರು. ಈ ಕುಲನಿರ್ಣಯವು ಹೇಗಾಗುವುದೆಂಬುದಕ್ಕೆ ನಮ್ಮ ಸಹ್ಯಾದ್ರಿಯ ಮರಗಪ್ಪೆಗಳೇ ಒಳ್ಳೆಯ ನಿದರ್ಶನ.

ಮೊದಲು ದೇಹಲಕ್ಷಣಗಳೇ ಆಧಾರವಾಗಿದ್ದುವು: ಬೆರಳತುದಿಯ ಬಿಲ್ಲೆ, ಬೆರಳುಗಳ ನಡುವಣ ಪೊರೆ, ಅಂಗುಳಿನ ಹಲ್ಲು ಇತ್ಯಾದಿ. ಆದರೆ ಲಕ್ಷಣಕ್ಕೆ ಅತಿವ್ಯಾಪ್ತಿ ಎಂಬ ದೋಷವುಂಟೆಂದು ತಾರ್ಕಿಕರು ಹೇಳುವರಷ್ಟೆ. ಕೋಡುಳ್ಳುದು ಹಸುವೆಂದರೆ ಎಮ್ಮೆಯೂ ಸೇರಿಬಿಡುವುದು. ಇಲ್ಲಿಯೂ ಹಾಗೆಯೇ. ಹೆಚ್ಚಾಗಿ ಅಮೆರಿಕ ಖಂಡಗಳಲ್ಲಿ ವಾಸಿಸುವ ಹೈಲಿಡೀ ಕುಟುಂಬದ ಕಪ್ಪೆಗಳಿಗೂ, ನಮ್ಮ ರಾಕೊಫೊರಿಡೀ ಕುಟುಂಬದವಕ್ಕೂ ಬೆರಳುಗಳಲ್ಲಿ ಅಂಟುವ ಬಿಲ್ಲೆಗಳುಂಟು. ಆದರೂ ನಮ್ಮ ಮರಗಪ್ಪೆಗಳು ವಂಶದಲ್ಲಿ ಅವುಗಳಿಗಿಂತ ನಮ್ಮ ಕೆರೆಯ ಕಪ್ಪೆಗಳಿಗೇ ಹತ್ತಿರ. ಮರವೇರುವ ಬಾಳು ಒಂದೇ ಆದುದರಿಂದ ಸಾಧನವೂ ಒಂದೇ ಆಯಿತು.

ಈ ಭ್ರಾಂತಿಯನ್ನು ನೀಗುವುದು ಡಿ.ಎನ್.ಎ. ಪರೀಕ್ಷೆ. ಓಲೆಗ್ರಂಥಗಳನ್ನು ಶೋಧಿಸುವ ಪಂಡಿತರು, ಎರಡು ಪ್ರತಿಗಳಲ್ಲಿ ಒಂದೇ ಎಡೆಯಲ್ಲಿ ಒಂದೇ ಲೇಖನದೋಷವನ್ನು ಕಂಡರೆ ಎರಡಕ್ಕೂ ಮಾತೃಕೆಯೊಂದೇ ಎಂದು ಊಹಿಸುವರು. ವಂಶವಾಹಿಗಳಲ್ಲಿ ನಾಲ್ಕೇ ಅಕ್ಷರಗಳ ದೀರ್ಘ ಲಿಪಿಯೊಂದುಂಟು. ಅದನ್ನು ತಲೆಮಾರಿನಿಂದ ತಲೆಮಾರಿಗೆ ನಕಲು ಮಾಡುವಾಗ ಅಲ್ಲಲ್ಲಿ ಅಕ್ಷರಗಳು ಬದಲಾಗುತ್ತವೆ. ಅಂತಹ ಬದಲಾವಣೆಗಳನ್ನು ಹೋಲಿಸಿ ವಂಶವೃಕ್ಷವನ್ನು ರಚಿಸುವರು.

ಸಹ್ಯಾದ್ರಿಯ ಪುಟ್ಟ ಪೊದೆಗಪ್ಪೆಗಳನ್ನು ಬಹುಕಾಲ ಆಗ್ನೇಯ ಏಷ್ಯದ ಕಪ್ಪೆಗಳೊಡನೆ ‘ಫಿಲಾಟಸ್’ ಕುಲದಲ್ಲಿಯೇ ಇರಿಸಿದ್ದರು. ವಂಶವಾಹಿಗಳನ್ನು ಹೋಲಿಸಿದಾಗ ಇವುಗಳದು ಬೇರೆಯೇ ಕವಲೆಂದು ತಿಳಿದುಬಂದಿತು. 2010ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಇವಕ್ಕೆ ‘ರಾವೋರ್ಕೆಸ್ಟಿಸ್’ ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದ ಸಿ. ಆರ್. ನಾರಾಯಣರಾಯರ ಸ್ಮರಣಾರ್ಥವಾದ ಹೆಸರಿದು. ಹಾಗೆಂದು ದೇಹಲಕ್ಷಣವು ನಿರರ್ಥಕವಾಗಲಿಲ್ಲ. ಚಿಕ್ಕ ಗಾತ್ರ, ಅಂಗುಳಿನ ಹಲ್ಲಿಲ್ಲದಿರುವಿಕೆ, ಕೂಗುವಾಗ ಗಂಡಿನ ಗಂಟಲಲ್ಲಿ ಉಬ್ಬುವ ಪಾರದರ್ಶಕ ಚೀಲ, ಇವೆಲ್ಲ ಕೂಡಿ ಆ ನಿರ್ಣಯವನ್ನು ಸಮರ್ಥಿಸಿದುವು.

ಹೆಸರು ಬದಲಾದುದರಿಂದ ಬಂದ ಫಲವೇನೆಂದು ವಾಚಕರು ಕೇಳಬಹುದು. ಕುಲವನ್ನರಿತರೆ ಬಾಳಿನ ಕ್ರಮವೂ ತಿಳಿಯುವುದು. 1870ರಲ್ಲಿ ಜೆರ್ಡನ್ನನು ವರ್ಣಿಸಿದ ಮಲಬಾರಿನ ತೇಲುಗಪ್ಪೆಯು ರಾಕೊಫೊರಸ್ ಕುಲದ್ದು. ಅದು ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡನ್ನು ಕಟ್ಟಿ ಮೊಟ್ಟೆಯಿಡುವುದು. ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬಿದ್ದು ಬೆಳೆಯುವುವು. ರಾವೋರ್ಕೆಸ್ಟಿಸ್ ಕುಲದಲ್ಲಿ ನೀರಿನಲ್ಲಿ ಈಸುವ ಗೊದಮೊಟ್ಟೆಯೇ ಇಲ್ಲ. ತತ್ತಿಯಿಂದ ನೇರವಾಗಿ ಮರಿಗಪ್ಪೆಯೇ ಹೊರಬರುವುದು. ಒಂದಕ್ಕೆ ಹೊಂಡ ಬೇಕು. ಇನ್ನೊಂದಕ್ಕೆ ತೇವವಾರದ ಪೊದೆ ಬೇಕು. ಎರಡನ್ನೂ ಕೇವಲ ‘ಕಪ್ಪೆ’ಯೆಂದು ತಿಳಿದು, ಹೊಂಡವನ್ನಷ್ಟೇ ಉಳಿಸಿ ತೋಟದಂಚಿನ ಪೊದೆಗಳನ್ನೆಲ್ಲ ಸವರಿಹಾಕಿದರೆ, ಮಳೆಗಾಲದ ಸಂಜೆಗಳಲ್ಲಿ ಟಿಕ್ ಟಿಕ್ಕೆನ್ನುವ ಆ ಪುಟ್ಟ ಜೀವಿಯ ಸಂತತಿಯೇ ಅಲ್ಲಿ ನಿಂತುಹೋಗುವುದು. ಆದುದರಿಂದ ತೋಟದ ಮನೆಯವರು ಹೊಂಡದೊಡನೆ ಒಂದಿಷ್ಟು ಪೊದೆಯನ್ನೂ ಉಳಿಸಿಕೊಳ್ಳುವುದು ಯುಕ್ತ.