ಫೈಬರ್ ದೋಣಿಗೆ ಬಳಿದ ಬಣ್ಣ ಏಕೆ ಕಿತ್ತು ಬರುತ್ತದೆ? ಮೊದಲು ಉಜ್ಜಬೇಕೋ, ತೊಳೆಯಬೇಕೋ?

ಫೈಬರ್ ವಸ್ತುವಿಗೆ ಬಣ್ಣ ಹಚ್ಚುವ ಮೊದಲು ಚೆನ್ನಾಗಿ ಉಜ್ಜಿ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರೆ ಸಾಕು. ಉಜ್ಜುವಾಗ ಧೂಳು ಒಳಗೆ ಹೋದರೆ ಒಂದು ತುಂಡು ಬೆಲ್ಲ ತಿಂದರಾಯಿತು. ಈ ಎರಡು ಸಲಹೆಗಳನ್ನು ನೀವೂ ಕೇಳಿರಬಹುದು. ಮೊದಲನೆಯದನ್ನು ನಂಬಿದರೆ ಬಣ್ಣ ಹಾಳು, ಎರಡನೆಯದನ್ನು ನಂಬಿದರೆ ಆರೋಗ್ಯ ಹಾಳು.

ರೋಣ, ನರಗುಂದ, ಗಜೇಂದ್ರಗಡದ ಕಡೆ ಸಮುದ್ರವಿಲ್ಲ. ಇಲ್ಲಿ ಫೈಬರ್ ದೋಣಿ ಮಾಡುವವರು ಹೆಚ್ಚಾಗಿ ವಿಜ್ಞಾನ ಪ್ರದರ್ಶನಕ್ಕೆ ಮಾದರಿ ತಯಾರಿಸುವ ಮಕ್ಕಳು, ಇಲ್ಲವೇ ರಿಮೋಟ್ ದೋಣಿಯ ಹವ್ಯಾಸಿಗಳು. ಆದರೆ ಈ ವಸ್ತು ಇಲ್ಲಿಗೆ ಹೊಸದಲ್ಲ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳನ್ನು ಮಾಡುವುದೂ ಇದರಿಂದಲೇ. ಗಾಜಿನ ಸಣ್ಣ ಎಳೆಗಳಿಗೆ ರಾಳ ಕುಡಿಸಿ ಗಟ್ಟಿಯಾಗಿಸಿದರೆ ಅದೇ ಫೈಬರ್ ಗ್ಲಾಸ್.

ದೋಣಿಯ ಒಡಲನ್ನು ಅಚ್ಚಿನಲ್ಲಿ ತೆಗೆಯುತ್ತಾರೆ. ಇಡ್ಲಿ ತಟ್ಟೆಗೆ ಎಣ್ಣೆ ಸವರುವಂತೆ, ರಾಳ ಅಂಟದಿರಲಿ ಎಂದು ಅಚ್ಚಿಗೆ ಮೊದಲೇ ಮೇಣ ಸವರಿರುತ್ತಾರೆ. ಒಡಲು ಹೊರಬರುವಾಗ ಆ ಮೇಣವೂ ಅದರ ಮೈಗೆ ಅಂಟಿಕೊಂಡು ಬರುತ್ತದೆ. ಕಣ್ಣಿಗೆ ಕಾಣುವುದು ಹೊಳಪು ಮಾತ್ರ. ಹಾಗೇ ಉಜ್ಜಿದರೆ, ಚಪ್ಪಲಿಯ ಅಟ್ಟೆಯ ಗೀರುಗಳಲ್ಲಿ ಎರೆಮಣ್ಣು ಮೆತ್ತಿಕೊಂಡಂತೆ, ಮೇಣ ಹೊಸ ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಮೇಲೆ ಬಳಿದ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಸಿಪ್ಪೆಯಂತೆ ಏಳುತ್ತದೆ. ಸೀಮೆಎಣ್ಣೆ ತಾನೇ ಜಿಡ್ಡಿನ ಪದರ ಬಿಡುವುದರಿಂದ ಅದೂ ಉಪಯೋಗಕ್ಕಿಲ್ಲ.

ಆದ್ದರಿಂದ ತೊಳೆಯುವುದೇ ಮೊದಲ ಕೆಲಸ. ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ತೊಳೆದು ಒಣಗಿಸಿ. ನಂತರ ಕಾರಿನ ಪೇಂಟ್ ಅಂಗಡಿಯಲ್ಲಿ ಸಿಗುವ, ಮೇಣ-ಜಿಡ್ಡು ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಿಂದ ಹಚ್ಚಿ, ಅದು ಆರುವ ಮುಂಚೆಯೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ಬಟ್ಟೆಯ ಮಗ್ಗುಲು ಬದಲಿಸುತ್ತಲೇ ಇರಿ, ಇಲ್ಲದಿದ್ದರೆ ತೆಗೆದ ಮೇಣವನ್ನೇ ಮತ್ತೆ ಸವರಿದಂತಾಗುತ್ತದೆ. ಈ ದ್ರಾವಣ ಬೇಗ ಬೆಂಕಿ ಹಿಡಿಯುತ್ತದೆ. ಬಯಲಿನಲ್ಲಿ, ಒಲೆ-ಬೀಡಿಯಿಂದ ದೂರ, ದೊಡ್ಡವರೇ ಮಾಡಬೇಕು.

ಮೇಣ ಹೋಯಿತೇ ಎಂದು ತಿಳಿಯಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಒಡಲಿನ ಮೇಲೆ ಶುದ್ಧ ನೀರು ಸುರಿಯಿರಿ. ನೀರು ಒಂದೇ ಹಾಳೆಯಂತೆ ಹರಡಿದರೆ ಮೈ ಶುದ್ಧವಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿ ಹನಿಯಾಗಿ ನಿಂತರೆ ಮೇಣ ಇನ್ನೂ ಇದೆ, ಮತ್ತೆ ಒರೆಸಬೇಕು. ನಮ್ಮ ಪ್ರಕಾರ ಇಡೀ ಕೆಲಸದಲ್ಲಿ ಬಿಡಲೇಬಾರದ ಹೆಜ್ಜೆ ಇದು.

ಉಜ್ಜುವುದು ಈಗ. 320 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಹೊಳಪು ಹೋಗಿ ಮೈಯೆಲ್ಲ ಮಸುಕಾಗುವವರೆಗೆ ಉಜ್ಜಿದರೆ ಸಾಕು. ಗಾಜಿನ ಎಳೆ ಕಾಣುವಷ್ಟು ಉಜ್ಜಬೇಡಿ. ಸೂಜಿರಂಧ್ರಗಳಿದ್ದರೆ ಕಾರಿಗೆ ಬಳಸುವ ಪುಟ್ಟಿ ತುಂಬಿ. ಗೋಡೆಯ ಪುಟ್ಟಿ ನೀರು ಹೀರುತ್ತದೆ, ದೋಣಿಗೆ ಆಗದು.

ಬೆಲ್ಲ ತಿಂದರೆ ಧೂಳು ಹೋಗುತ್ತದೆಯೇ?

ಬೆಲ್ಲ ಹೋಗುವುದು ಅನ್ನನಾಳದಲ್ಲಿ, ಧೂಳು ಹೋಗುವುದು ಶ್ವಾಸನಾಳದಲ್ಲಿ. ಹೊಟ್ಟೆ ಸೇರಿದ ಬೆಲ್ಲ ಶ್ವಾಸಕೋಶದ ಧೂಳನ್ನು ಗುಡಿಸಿ ತರುವುದಿಲ್ಲ. ಈ ನಂಬಿಕೆ ಪೂರ್ತಿ ಗಾಳಿಮಾತೂ ಅಲ್ಲ. ಬೆಲ್ಲ ತಿನ್ನಿಸಿದ ಇಲಿಗಳ ಶ್ವಾಸಕೋಶದಿಂದ ಕಣಗಳು ಹೆಚ್ಚು ಸಾಗಿದವು ಎಂದು ಲಖನೌದ ಸಂಶೋಧಕರು 1994ರಲ್ಲಿ ಪ್ರಕಟಿಸಿದ್ದರು. ಆದರೆ ಅದು ಇಲಿಗಳ ಮೇಲಿನ ಪ್ರಯೋಗ. ಮಾಸ್ಕ್ ಬದಲು ಬೆಲ್ಲ ಸಾಕು ಎನ್ನಲು ಅದು ಆಧಾರವಾಗದು.

ಇನ್ನು ಕೆಲವರು ಫೈಬರ್ ಗ್ಲಾಸ್ ಎಂದರೆ ಕಲ್ನಾರಿನಂತೆ ಕ್ಯಾನ್ಸರ್ ಎಂದು ಹೆದರಿಸುತ್ತಾರೆ. ಅದೂ ತಪ್ಪು. ಇಂಥ ಗಾಜಿನ ಎಳೆ ಸಾಮಾನ್ಯವಾಗಿ ಸುಮಾರು 10 ಮೈಕ್ರಾನ್ ಅಥವಾ ಹೆಚ್ಚು ದಪ್ಪ. ಶ್ವಾಸಕೋಶದ ಆಳಕ್ಕೆ ಇಳಿಯುವಂಥವು 3 ಮೈಕ್ರಾನ್‌ಗಿಂತ ತೆಳುವಾದ ಎಳೆಗಳು. ಕಲ್ನಾರು ಉದ್ದುದ್ದ ಸೀಳುತ್ತಾ ತೆಳುವಾಗುತ್ತದೆ, ಗಾಜು ಅಡ್ಡಡ್ಡ ಮುರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2001ರಲ್ಲಿ ಈ ಎಳೆಗಳನ್ನು ಮೂರನೇ ಗುಂಪಿಗೆ ಸೇರಿಸಿತು. ಅಂದರೆ ಕ್ಯಾನ್ಸರ್ ತರುತ್ತದೆ ಎನ್ನಲು ತಕ್ಕ ಪುರಾವೆಯಿಲ್ಲ.

ಹಾಗೆಂದು ಧೂಳು ಸಾಧು ಎಂದಲ್ಲ. ಕಣ್ಣು, ಮೂಗು, ಗಂಟಲು ಉರಿಯುತ್ತವೆ, ಚರ್ಮ ಕೆರೆಯುತ್ತದೆ, ಉಬ್ಬಸ ಇದ್ದವರಿಗೆ ಕಷ್ಟ ಹೆಚ್ಚಬಹುದು. ರಾಳದ ಪುಡಿ ಎಳೆಗಿಂತಲೂ ನುಣುಪು. ನೀರು ಹಾಕಿ ಉಜ್ಜಿದರೆ ಧೂಳು ಏಳುವುದೇ ಕಡಿಮೆ. ಜತೆಗೆ ಎನ್-95 ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಇರಲಿ. ಕರ್ಚೀಫು ಕಟ್ಟಿಕೊಂಡರೆ ಸಾಲದು. ಎನ್-95 ಕೂಡ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಕೈ ಕೆರೆದರೆ ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ. ಹರಿಯುವ ತಣ್ಣೀರಿನಲ್ಲಿ ಸೋಪು ಹಾಕಿ ತೊಳೆಯಿರಿ, ಉಳಿದ ಎಳೆಯನ್ನು ಅಂಟುಟೇಪಿನಿಂದ ಎತ್ತಿ ತೆಗೆಯಿರಿ. ಆ ಬಟ್ಟೆಗಳನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬೇಡಿ.

ಪ್ರೈಮರ್ ಹೊಡೆಯಲು ಬೆಳಗಿನ ಹೊತ್ತು ಒಳ್ಳೆಯದು. ಆಷಾಢದ ಗಾಳಿಯಲ್ಲಿ ಎರೆಹೊಲದ ಧೂಳೆಲ್ಲ ಹಸಿ ಬಣ್ಣದ ಮೇಲೆ ಕೂರುತ್ತದೆ, ಬೇಸಿಗೆಯ ಮಧ್ಯಾಹ್ನ ಬಣ್ಣ ಹರಡುವ ಮುಂಚೆಯೇ ಒಣಗುತ್ತದೆ. ತೆಳುವಾಗಿ ಎರಡು-ಮೂರು ಸಲ ಹೊಡೆಯಿರಿ. ಗಟ್ಟಿಕಾರಕ ಬೆರೆಸುವ ಕಾರಿನ ಪೇಂಟುಗಳಲ್ಲಿ ಹಲವಕ್ಕೆ ಉಬ್ಬಸ ತರಬಲ್ಲ ಐಸೊಸಯನೇಟ್ ಇರುತ್ತದೆ. ಅವನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ.

ದೋಣಿ ತೇಲುತ್ತದೆಯೇ ನೋಡಲು ಮಕ್ಕಳು ಕೃಷಿಹೊಂಡಕ್ಕೆ ಹೋಗುವುದು ಬೇಡ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಜಾರಿ ಬಿದ್ದರೆ ದೊಡ್ಡವರಿಗೂ ಮೇಲೆ ಹತ್ತುವುದು ಕಷ್ಟ. ಮನೆಯ ನೀರಿನ ತೊಟ್ಟಿ ಸಾಕು.