ಟ್ರಾಕ್ಟರಿನ ಕೊಂಡಿಯೂ ಟ್ರೈಲರಿನ ಹೊರೆಯೂ

ಎತ್ತಿನ ಗಾಡಿಗೆ ಹೊರೆ ಹೇರುವ ಕ್ರಮವನ್ನು ನಮ್ಮ ರೈತರಿಗೆ ಯಾರೂ ಕಲಿಸಿಕೊಡಬೇಕಾದುದಿಲ್ಲ. ಮುಂಭಾರವಾದರೆ ನೊಗವು ಎತ್ತುಗಳ ಹೆಗಲನ್ನು ಹುಣ್ಣುಮಾಡುವುದು. ಹಿಂಭಾರವಾದರೆ ಮೂಕಿಯು ಮೇಲಕ್ಕೆದ್ದು ಕೊರಳಹಗ್ಗವು ಗಂಟಲನ್ನು ಬಿಗಿಯುವುದು. ಆದುದರಿಂದಲೇ ಹಿರಿಯರು ಹೊರೆಯು ಅಚ್ಚಿನಿಂದ ತುಸು ಮುಂದಕ್ಕೆ ನಿಲ್ಲುವಂತೆ ಹೇರಿ, ಮೂಕಿಯನ್ನು ಕೈಯಿಂದ ಎತ್ತಿನೋಡಿ, ಆ ಬಳಿಕ ಎತ್ತುಗಳನ್ನು ಹೂಡುತ್ತಿದ್ದರು. ಈಗ ಅನೇಕ ಗ್ರಾಮಗಳಲ್ಲಿ ಗಾಡಿಯ ಕೆಲಸವನ್ನು ಟ್ರೈಲರೂ ಎತ್ತುಗಳ ಕೆಲಸವನ್ನು ಟ್ರಾಕ್ಟರೂ ವಹಿಸಿಕೊಂಡಿವೆ. ಎತ್ತಿಗೆ ನೋವಾದರೆ ಅದು ನಿಂತುಬಿಡುವುದು. ಯಂತ್ರಕ್ಕಾದರೋ ಹಾಗೆ ನಿಲ್ಲುವ ಬುದ್ಧಿಯಿಲ್ಲ. ಹೊರೆಯೂ ಕೊಂಡಿಯೂ ತಪ್ಪಿದಲ್ಲಿ ನಷ್ಟವಾಗುವುದು ಚಾಲಕನ ಪ್ರಾಣ. ಈ ವಿಷಯದಲ್ಲಿ ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರಬೇಕಾದ ಮುಖ್ಯಾಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಕೊಂಡಿಯ ಎತ್ತರ

ಟ್ರಾಕ್ಟರಿನ ಹಿಂಭಾಗದಲ್ಲಿ, ಹಿಂದಿನ ಅಚ್ಚಿಗಿಂತ ಕೆಳಗೆ, ಎಳೆಯುವುದಕ್ಕೆಂದೇ ಒಂದು ಗಟ್ಟಿಯಾದ ಪಟ್ಟಿಯನ್ನೋ ಕೊಂಡಿಯನ್ನೋ ಜೋಡಿಸಿರುತ್ತಾರೆ. ಅದನ್ನು ಕೆಳಗೆ ಇಟ್ಟಿರುವುದಕ್ಕೆ ಕಾರಣವುಂಟು. ಹೊರೆಯು ಕೆಳಗಿನಿಂದ ಹಿಂದಕ್ಕೆ ಜಗ್ಗಿದಾಗ ಟ್ರಾಕ್ಟರಿನ ಮೂತಿಯು ಮೇಲಕ್ಕೇಳುವ ಸಂಭವವು ಕಡಿಮೆಯಾಗುವುದು. ಅಚ್ಚಿಗಿಂತ ಮೇಲಿನಿಂದ ಜಗ್ಗಿದರೆ ಇದಕ್ಕೆ ವಿಪರೀತವಾಗಿ ಮುಂದಿನ ಗಾಲಿಗಳು ಮೇಲಕ್ಕೇಳುವುವು. ಕೆಸರಿನಲ್ಲಿ ಹೂತ ಟ್ರೈಲರನ್ನು ಹೊರಗೆಳೆಯುವಾಗ ಸರಪಳಿಯನ್ನು ಅಚ್ಚಿಗೋ ಅದಕ್ಕಿಂತ ಮೇಲಿನ ಭಾಗಕ್ಕೋ ಬಿಗಿದು, ಕ್ಲಚ್ಚನ್ನು ಥಟ್ಟನೆ ಬಿಟ್ಟರೆ, ಗಾಲಿಗಳು ತಿರುಗಲಾರದೆ ಟ್ರಾಕ್ಟರಿನ ಒಡಲೇ ಅಚ್ಚಿನ ಸುತ್ತ ತಿರುಗಿ ಹಿಂದಕ್ಕೆ ಮಗುಚುವುದು. ಇದಕ್ಕೆ ಒಂದೆರಡು ಸೆಕೆಂಡುಗಳು ಸಾಕು. ಚಾಲಕನು ಕೆಳಗೆ ಹಾರಲು ಅವಕಾಶವಿರುವುದಿಲ್ಲ.

ಉಳುವಾಗ ನೇಗಿಲು ಬಂಡೆಗೆ ಸಿಕ್ಕಿ ಟ್ರಾಕ್ಟರು ಹೀಗೆ ಮಗುಚುವ ಅಪಾಯವು ಹಿಂದಿನ ಯಂತ್ರಗಳಲ್ಲಿ ಹೆಚ್ಚಾಗಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಎಂಬಾತನು ಇದಕ್ಕೆ ಪರಿಹಾರವನ್ನು ಹುಡುಕಿ, ಮೂರು ತೋಳುಗಳಿಂದ ನೇಗಿಲನ್ನು ಹಿಡಿಯುವ ಏರ್ಪಾಡನ್ನು ರೂಪಿಸಿದನು. 1939ರಲ್ಲಿ ಅಮೆರಿಕದ ಫೋರ್ಡ್ ಟ್ರಾಕ್ಟರಿಗೆ ಇದನ್ನು ಅಳವಡಿಸಿದ ಮೇಲೆ ಇದು ಲೋಕದಲ್ಲೆಲ್ಲ ಹರಡಿತು. ಇಂದು ನಮ್ಮ ಟ್ರಾಕ್ಟರುಗಳಲ್ಲಿಯೂ ಇದೇ ಕ್ರಮವಿದೆ. ಆದರೆ ಆ ತೋಳುಗಳು ಇರುವುದು ನೇಗಿಲು, ಕುಂಟೆ ಮೊದಲಾದ ಉಪಕರಣಗಳಿಗಾಗಿ. ಮೇಲಿನ ತೋಳಿಗೆ ಟ್ರೈಲರನ್ನಾಗಲಿ ಸರಪಳಿಯನ್ನಾಗಲಿ ಎಂದಿಗೂ ಕಟ್ಟಕೂಡದು. ಕೆಳಗಿನ ಎರಡು ತೋಳುಗಳ ನಡುವೆ ತೂತುಗಳುಳ್ಳ ಪಟ್ಟಿಯನ್ನು ಹಾಕಿ ಎಳೆಯುವುದಾದರೆ, ತೋಳುಗಳು ಮೇಲೇಳದಂತೆ ಕಬ್ಬಿಣದ ಊರುಗೋಲುಗಳಿಂದ ಬಿಗಿಯತಕ್ಕದ್ದು.

2. ಹೊರೆಯ ಸ್ಥಾನ

ಒಂದೇ ಅಚ್ಚಿನ, ಎರಡು ಗಾಲಿಗಳ ಟ್ರೈಲರಿನಲ್ಲಿ ಹೊರೆಯ ಒಂದು ಪಾಲು ಕೊಂಡಿಯ ಮೇಲೆ ಬೀಳುವುದು. ಉದಾಹರಣೆಗೆ, ಕೊಂಡಿಯಿಂದ ಅಚ್ಚಿಗೆ 10 ಅಡಿ ದೂರವಿದ್ದು, 30 ಕ್ವಿಂಟಾಲ್ ಹೊರೆಯ ಮಧ್ಯಬಿಂದುವು ಅಚ್ಚಿನಿಂದ 1 ಅಡಿ ಮುಂದಿದ್ದರೆ, ಹತ್ತನೆಯ ಒಂದು ಪಾಲು, ಎಂದರೆ 3 ಕ್ವಿಂಟಾಲ್ ಭಾರವು ಕೊಂಡಿಯನ್ನು ಕೆಳಕ್ಕೆ ಒತ್ತುವುದು. ಈ ಭಾರವು ಹಿಂದಿನ ಗಾಲಿಗಳಿಗೆ ನೆಲದ ಹಿಡಿತವನ್ನು ಕೊಡುವುದರಿಂದ ಹಿತಕರವೇ. ಅದೇ ಹೊರೆಯ ಮಧ್ಯಬಿಂದುವು ಅಚ್ಚಿನಿಂದ 3 ಅಡಿ ಮುಂದಿದ್ದರೆ ಕೊಂಡಿಯ ಮೇಲಿನ ಭಾರವು 9 ಕ್ವಿಂಟಾಲಾಗುವುದು. ಆಗ ಮುಂದಿನ ಗಾಲಿಗಳು ಹಗುರವಾಗಿ ಸ್ಟಿಯರಿಂಗು ಮಾತು ಕೇಳದು. ಹೊರೆಯು ಅಚ್ಚಿನ ಹಿಂದಕ್ಕೆ ಹೋದರೆ ಟ್ರೈಲರು ಕೊಂಡಿಯನ್ನು ಮೇಲಕ್ಕೆತ್ತುವುದು. ಆಗ ಹಿಂದಿನ ಗಾಲಿಗಳು ಜಾರುವುವು, ಟ್ರೈಲರು ಎಡಬಲಕ್ಕೆ ತೂಗಾಡುವುದು. ಕೊಂಡಿಯು ಎಷ್ಟು ಭಾರವನ್ನು ತಾಳಬಲ್ಲದೆಂಬುದನ್ನು ಟ್ರಾಕ್ಟರಿನೊಡನೆ ಬರುವ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು.

ನಾಲ್ಕು ಗಾಲಿಗಳ ಟ್ರೈಲರಿನಲ್ಲಿ ಹೊರೆಯನ್ನು ಅದರ ಅಚ್ಚುಗಳೇ ಹೊರುವುದರಿಂದ ಕೊಂಡಿಯ ಮೇಲೆ ಭಾರವು ಅತ್ಯಲ್ಪ. ಆದರೆ ಕಬ್ಬು, ಹುಲ್ಲು ಮೊದಲಾದವನ್ನು ಎತ್ತರಕ್ಕೆ ಒಟ್ಟಿದಷ್ಟೂ ತಿರುವಿನಲ್ಲಿ ಪಕ್ಕಕ್ಕೆ ಉರುಳುವ ಅಪಾಯವು ಹೆಚ್ಚುವುದು. ಭಾರವಾದ ಸಾಮಾನುಗಳು ತಳದಲ್ಲಿಯೂ ಹಗುರವಾದವು ಮೇಲೆಯೂ ಇರತಕ್ಕದ್ದು. ಹಗ್ಗವು ಬಿಗಿಯಾಗಿರಬೇಕು, ಹೊರೆಯು ಅಕ್ಕಪಕ್ಕಕ್ಕೆ ಚಾಚಿರಕೂಡದು.

3. ಕೀಲು, ಕಡಾಣಿ, ಸರಪಳಿ

ಟ್ರೈಲರನ್ನು ಹಿಡಿದಿರುವುದು ಒಂದೇ ಒಂದು ಕೀಲು. ಅದು ಕೊಂಡಿಯ ತೂತಿಗೆ ಸರಿಯಾದ ದಪ್ಪವುಳ್ಳ, ಆ ಕೆಲಸಕ್ಕೆಂದೇ ಮಾಡಿದ ಉಕ್ಕಿನ ಕೀಲಾಗಿರಬೇಕು. ಮುರಿದ ಸರಳು, ಹಳೆಯ ಬೋಲ್ಟು ಇತ್ಯಾದಿಗಳನ್ನು ತುರುಕುವುದು ಸಲ್ಲದು. ಕೀಲನ್ನು ಮೇಲಿನಿಂದ ಇಳಿಬಿಟ್ಟು, ಕೆಳತುದಿಗೆ ಕಡಾಣಿಯನ್ನು ಹಾಕದೆ ಟ್ರೈಲರನ್ನು ಕದಲಿಸಕೂಡದು. ಹಳ್ಳದಿಣ್ಣೆಯ ದಾರಿಯಲ್ಲಿ ಕಡಾಣಿಯಿಲ್ಲದ ಕೀಲು ಕುಣಿಕುಣಿದು ಹೊರಬರುವುದು. ಕೊಂಡಿಯ ತೂತು ಸವೆದು ಅಂಡಾಕಾರವಾಗಿದ್ದರೆ ಅದನ್ನು ಬದಲಾಯಿಸಿಕೊಳ್ಳಬೇಕು. ಇದಲ್ಲದೆ ಟ್ರಾಕ್ಟರಿಗೂ ಟ್ರೈಲರಿಗೂ ನಡುವೆ ಒಂದು ಗಟ್ಟಿ ಸರಪಳಿಯನ್ನು, ತಿರುವಿಗೆ ಬೇಕಾದಷ್ಟೇ ಸಡಿಲಬಿಟ್ಟು ಕಟ್ಟಿದರೆ, ಕೀಲು ಮುರಿದರೂ ಟ್ರೈಲರು ತನ್ನಷ್ಟಕ್ಕೆ ಹಿಂದಕ್ಕೆ ಓಡದು.

4. ಇಳಿಜಾರು

ಬ್ರೇಕಿಲ್ಲದ ಟ್ರೈಲರು ಇಳಿಜಾರಿನಲ್ಲಿ ಟ್ರಾಕ್ಟರನ್ನು ಹಿಂದಿನಿಂದ ನೂಕುವುದು. ಚಾಲಕನು ಗಾಬರಿಯಿಂದ ಬ್ರೇಕನ್ನು ಒತ್ತಿದರೆ ಟ್ರಾಕ್ಟರು ಅಡ್ಡ ತಿರುಗಿ, ಎರಡೂ ಚಾಕುವಿನಂತೆ ಮಡಚಿಕೊಳ್ಳುವುವು. ಆದುದರಿಂದ ಇಳಿಜಾರಿಗೆ ಮೊದಲೇ ಕೆಳಗಿನ ಗೇರನ್ನು ಹಾಕಿಕೊಳ್ಳತಕ್ಕದ್ದು. ಎಣ್ಣೆಯ ಉಳಿತಾಯಕ್ಕೆಂದು ಗೇರನ್ನು ತೆಗೆದು ಇಳಿಯುವುದು ಆತ್ಮಹತ್ಯೆಗೆ ಸಮಾನ. ಹೊಲದಲ್ಲಿ ತಿರುಗಿಸುವ ಅನುಕೂಲಕ್ಕಾಗಿ ಎಡಬಲದ ಬ್ರೇಕುಗಳು ಬೇರೆಬೇರೆಯಾಗಿರುವುವು. ರಸ್ತೆಗೆ ಬರುವ ಮುನ್ನ ಎರಡನ್ನೂ ಕೂಡಿಸುವ ಅಗುಳಿಯನ್ನು ಹಾಕಲು ಮರೆಯಕೂಡದು.

5. ಯಜಮಾನರ ಹೊಣೆ

1988ರ ಮೋಟಾರು ವಾಹನಗಳ ಕಾಯಿದೆಯಂತೆ ಟ್ರೈಲರೂ ಒಂದು ಮೋಟಾರು ವಾಹನವೇ ಆಗಿದ್ದು, ಅದಕ್ಕೂ ನೋಂದಣಿ ಬೇಕು. ಆದರೆ ಕಾಗದಪತ್ರಗಳು ಸರಿಯಾಗಿದ್ದ ಮಾತ್ರಕ್ಕೆ ಕರ್ತವ್ಯವು ಮುಗಿಯಲಿಲ್ಲ. ಹೆಚ್ಚು ಹೊರೆ ಹೇರೆಂದು ಹೇಳುವವನು ಯಜಮಾನ. ಆ ಹೊರೆಯ ಮುಂದೆ ಕುಳಿತಿರುವವನು ಕೂಲಿಗೆ ಬಂದ ಚಾಲಕ. ಒಂದು ಸಾಗಣೆಯನ್ನು ಉಳಿಸಲು ಹತ್ತು ಕ್ವಿಂಟಾಲ್ ಹೆಚ್ಚು ಹೇರಿಸುವಾಗ ಈ ಭೇದವನ್ನು ನೆನೆಯಬೇಕು. ಕೂಲಿಯಾಳುಗಳನ್ನು ಹೊರೆಯ ಮೇಲೆಯೂ, ಮಕ್ಕಳನ್ನು ಗಾಲಿಯ ಮಡ್‌ಗಾರ್ಡಿನ ಮೇಲೆಯೂ, ಯಾರನ್ನೇ ಆಗಲಿ ಕೊಂಡಿಯ ಪಟ್ಟಿಯ ಮೇಲೆಯೂ ಕೂರಿಸುವ ರೂಢಿಯನ್ನು ಗ್ರಾಮದ ಮುಖಂಡರು ಮುಂದೆನಿಂತು ತಪ್ಪಿಸತಕ್ಕದ್ದು. ರಾತ್ರಿಯ ಸಂಚಾರಕ್ಕಾಗಿ ಟ್ರೈಲರಿನ ಹಿಂಭಾಗದಲ್ಲಿ ಕೆಂಪು ದೀಪವೂ ಬೆಳಕನ್ನು ಹಿಂದಿರುಗಿಸುವ ಪಟ್ಟಿಯೂ ಇರಲೇಬೇಕು.

ಸುಗ್ಗಿಯು ಆರಂಭವಾಗುವ ಮುನ್ನ ಒಂದು ಬೆಳಗಿನ ವೇಳೆಯನ್ನು ಇದಕ್ಕಾಗಿ ಮೀಸಲಿಟ್ಟು, ಗ್ರಾಮದ ಟ್ರೈಲರುಗಳನ್ನೆಲ್ಲ ಒಂದು ಬಯಲಿನಲ್ಲಿ ನಿಲ್ಲಿಸಿ, ಕೀಲು, ಕಡಾಣಿ, ಸರಪಳಿ, ಗಾಲಿಯ ಗಾಳಿ, ಹಿಂದಿನ ದೀಪ ಈ ಐದನ್ನೂ ಮುಖಂಡರ ಸಮಕ್ಷಮದಲ್ಲಿ ಪರೀಕ್ಷಿಸಿದರೆ ಬಹಳ ಉಪಕಾರವಾಗುವುದು. ಇದಕ್ಕೆ ತಗಲುವ ವೆಚ್ಚವು ಕೆಲವು ಕಡಾಣಿಗಳ ಬೆಲೆ ಮಾತ್ರ.